ಅಡ್ವಾನ್ಸ್ ಕೊಟ್ಟು ಕರಾರು ಮಾಡಿದರೆ ಮನೆ ನಮ್ಮದಾಗುತ್ತಾ?

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಮನೆ ನೋಡಿ, ಛಾಪಾ ಕಾಗದದಲ್ಲಿ ಕರಾರು ಬರೆಸಿ ಅಡ್ವಾನ್ಸ್ ಕೊಟ್ಟಿದ್ದೀರಿ, ಇನ್ನು ಮನೆ ನಿಮ್ಮದೇ ಅಲ್ವಾ ಎಂದು ಕೇಳಿದ್ದೀರಿ. ಇಲ್ಲ, ಇನ್ನೂ ಆಗಿಲ್ಲ.

ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಬರೀ ಕರಾರಿನಿಂದ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಆದರೆ ಮಾತ್ರ ಹಕ್ಕು. ಮಾರುವವರು ಹಿಂದೆ ಸರಿದರೆ ಕರಾರಿನಂತೆ ನಡೆಸಿಕೊಡಿ ಎಂದು ಕೋರ್ಟಿಗೆ ಹೋಗಬಹುದು, ಅದಕ್ಕೆ 3 ವರ್ಷದ ಗಡುವಿದೆ.

ಬಾಕಿ ಹಣ ಕೊಡುವ ಮೊದಲು ಹಳೆಯ ಆಧಾರಗಳನ್ನೆಲ್ಲ, ಅಂದರೆ ಆಸ್ತಿಯ ಹಿಂದಿನ ಪತ್ರಗಳನ್ನೆಲ್ಲ, ಓದಿಸಿ. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡದಲ್ಲೇ ಇತ್ತಲ್ಲ, ಹಳೆಯ ಪತ್ರ ಕನ್ನಡದಲ್ಲಿ, ಹೊಸದು ಮಲಯಾಳದಲ್ಲಿ ಇರಬಹುದು, ಎರಡೂ ಬಲ್ಲ ವಕೀಲರೇ ಬೇಕು. ಸಾಲದ ಹೊರೆ ಇದೆಯಾ ಎಂದು ತಿಳಿಯಲು ಬಾಧ್ಯತಾ ಸರ್ಟಿಫಿಕೇಟ್ ತೆಗೆಸಿ. ಗದ್ದೆಗೆ ಮಣ್ಣು ತುಂಬಿಸಿದ ಜಾಗದ ಅನುಮಾನ ಇದ್ದರೆ ಕೃಷಿಭವನದ (ಊರಿನ ಕೃಷಿ ಕಚೇರಿ) ಡೇಟಾ ಬ್ಯಾಂಕ್, ಅಂದರೆ ಗದ್ದೆಗಳ ಪಟ್ಟಿ, ನೋಡಲೇಬೇಕು. ಕೇರಳದ 2008ರ ಗದ್ದೆ ಸಂರಕ್ಷಣಾ ಕಾಯ್ದೆ ತುಂಬ ಬಿಗಿ, ನನಗೆ ಹೆಚ್ಚು ಭಯ ಇದರದ್ದೇ.

ಖರ್ಚು ಅಂದರೆ ಸಾಮಾನ್ಯವಾಗಿ ಛಾಪಾ ಶುಲ್ಕ 8%, ನೋಂದಣಿ ಶುಲ್ಕ 2%. ನೋಂದಣಿ ಆದ ಮೇಲೆ ವಿಲೇಜ್ ಆಫೀಸಿನಲ್ಲಿ ಹೆಸರು ಬದಲಾಯಿಸಿ, ಭೂತೆರಿಗೆ ನಿಮ್ಮ ಹೆಸರಲ್ಲೇ ಕಟ್ಟಿ.