ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದಾಗ

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ‘ಜೂನ್‌ನಲ್ಲಿ ಹೊಸ ಬಡಾವಣೆಗೆ ಮನೆ ಬದಲಾಯಿಸಿದೆವು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಸಂಜೆ ಬೀದಿಯಲ್ಲಿ ಎಂಟು ಮಕ್ಕಳು ಲಗೋರಿ ಆಡುತ್ತಾರೆ. ಮಗಳನ್ನು “ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ” ಅಂದರಂತೆ, ಅಳುತ್ತಾ ಬಂದಳು. ಆಮೇಲೆ ಎದುರುಮನೆ ಹುಡುಗಿ ಠೂ ಬಿಟ್ಟಿದ್ದಾಳೆ, ಮಿಕ್ಕವರಿಗೂ ಮಾತಾಡಬೇಡಿ ಅಂದಿದ್ದಾಳೆ. ಈಗ ಐದು ಗಂಟೆಯಾದರೆ ಮಗಳಿಗೆ ಹೊಟ್ಟೆನೋವು. ಆ ಹುಡುಗಿಯ ತಾಯಿಯನ್ನು ಹೋಗಿ ಕೇಳಲೇ? ಅಥವಾ ಇವಳನ್ನು ಚಿತ್ರಕಲೆ ಕ್ಲಾಸಿಗೆ ಸೇರಿಸಿ ಬೀದಿಯ ಸಹವಾಸವನ್ನೇ ಬಿಡಿಸಲೇ?’

ಸೋದರಿಯವರೇ,

ಮೊದಲು ಹೊಟ್ಟೆನೋವಿನ ಮಾತು. ಅದು ನೆಪವಲ್ಲ, ನಿಜವಾದ ನೋವು. ಕರುಳಿಗೂ ಮಿದುಳಿಗೂ ನರಗಳ ನೇರ ನಂಟಿದೆ. ಮನಸ್ಸು ಗಾಬರಿಗೊಂಡರೆ ಕರುಳಿನ ಚಲನೆ ಏರುಪೇರಾಗುತ್ತದೆ, ಬೇರೆ ಹೊತ್ತಿನಲ್ಲಿ ಗೊತ್ತೇ ಆಗದ ಹಿಂಡಾಟ ಆಗ ನೋವಾಗಿ ತಿಳಿಯುತ್ತದೆ. ಹೊಕ್ಕುಳ ಸುತ್ತ, ಒಂದೇ ಹೊತ್ತಿಗೆ ಬಂದು, ಅಜ್ಜಿ ಮನೆಗೆ ಹೋದಾಗ ಮಾಯವಾಗುವ ನೋವು ಸಾಮಾನ್ಯವಾಗಿ ಈ ಬಗೆಯದು. ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಬಂತು, ಎಲ್ಲಿ ನೋಯಿತು, ಅದಕ್ಕೆ ಮುಂಚೆ ಏನು ನಡೆದಿತ್ತು. ಆದರೆ ನೋವು ನಿದ್ದೆಯಿಂದ ಎಬ್ಬಿಸಿದರೆ, ಹೊಕ್ಕುಳಿನಿಂದ ದೂರ ಒಂದೇ ಕಡೆ ನಿಂತರೆ, ಜ್ವರ ಅಥವಾ ಪದೇಪದೇ ವಾಂತಿ ಜೊತೆಗಿದ್ದರೆ, ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ಬರೆಯುತ್ತಾ ಕೂರಬೇಡಿ, ಮಕ್ಕಳ ವೈದ್ಯರ ಬಳಿ ಕರೆದುಕೊಂಡು ಹೋಗಿ. ಹಾಗೇನೂ ಇಲ್ಲದಿದ್ದರೆ ‘ನೋಯ್ತಿದೆ ಅಂತ ಗೊತ್ತು ಪುಟ್ಟಿ’ ಎಂದು ಹತ್ತು ನಿಮಿಷ ಪಕ್ಕದಲ್ಲಿ ಕೂತು, ಆಮೇಲೆ ಎಂದಿನ ಕೆಲಸಕ್ಕೆ ಹಚ್ಚಿ. ಗಳಿಗೆಗೊಮ್ಮೆ ‘ಇನ್ನೂ ನೋಯ್ತಿದೆಯಾ?’ ಎಂದು ಕೇಳಿದರೆ ಮಗುವಿನ ಗಮನವೆಲ್ಲ ಅಲ್ಲೇ ನಿಲ್ಲುತ್ತದೆ.

ಇನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ಈ ಮಾತನ್ನು ಬೈಗುಳವೆಂದು ತಿಳಿಯಬೇಡಿ. ಚಿಕ್ಕ ಮಗುವನ್ನು ಹೊರಗೂ ಹಾಕದೆ, ಅದು ಔಟಾದರೆ ಆಟವೂ ಕೆಡದಂತೆ ನಮ್ಮ ಬೀದಿಯ ಮಕ್ಕಳು ಕಂಡುಕೊಂಡ ಉಪಾಯ ಅದು. ಐದು ವರ್ಷದ ಮಗುವಿಗೆ ಅದು ಉಡುಗೊರೆ, ಒಂಬತ್ತು ವರ್ಷದ ಹುಡುಗಿಗೆ ಅವಮಾನ. ನಿಮ್ಮ ಮಗಳಿಗೆ ಆದದ್ದು ಇಷ್ಟೇ ಇರಬಹುದು: ಎಂಟು ಮಕ್ಕಳೆಂದರೆ ನಾಲ್ಕು ನಾಲ್ಕರ ಎರಡು ಗುಂಪು. ಒಂಬತ್ತನೆಯವಳು ಬಂದರೆ ಒಂದು ಗುಂಪಿಗೆ ಒಬ್ಬರು ಹೆಚ್ಚು. ಜಗಳ ಬೇಡವೆಂದು ಹೊಸಬಳನ್ನು ಲೆಕ್ಕದಿಂದ ಬಿಟ್ಟಿದ್ದಾರೆ. ಹಾಗಾದರೆ ಯಾರೋ ಒಬ್ಬರು ಟ್ಯೂಷನ್‌ಗೋ ನೆಂಟರ ಮನೆಗೋ ಹೋಗಿ ಏಳೇ ಮಂದಿ ಉಳಿದ ದಿನ ನೋಡಿ ಅವಳನ್ನು ಕಳಿಸಿ. ಅವತ್ತು ಅವರಿಗೇ ಇವಳು ಬೇಕಾಗುತ್ತಾಳೆ.

ಹೋಗುವ ರೀತಿಯೂ ಮುಖ್ಯ. ‘ನನ್ನನ್ನೂ ಸೇರಿಸ್ಕೊಳ್ತೀರಾ?’ ಎಂದು ಕೇಳಿದರೆ ‘ಇಲ್ಲ’ ಎನ್ನುವುದು ಸುಲಭ. ಬೀದಿಗೆ ಸಲೀಸಾಗಿ ಬೆರೆಯುವ ಮಕ್ಕಳನ್ನು ಗಮನಿಸಿ ನೋಡಿ. ಅವರು ಮೊದಲು ಸ್ವಲ್ಪ ಹೊತ್ತು ಅಂಚಿನಲ್ಲಿ ನಿಂತು ನೋಡುತ್ತಾರೆ, ಆಮೇಲೆ ಆಟಕ್ಕೆ ಬೇಕಾದ ಏನಾದರೊಂದು ಮಾಡುತ್ತಾರೆ. ದೂರ ಹೋದ ಚೆಂಡು ತಂದುಕೊಡುವುದು, ಬಿದ್ದ ಬಿಲ್ಲೆ ಎಣಿಸಿ ‘ಒಂದು ಕಡಿಮೆ ಇದೆ’ ಎನ್ನುವುದು, ಚೆನ್ನಾಗಿ ಗುರಿಯಿಟ್ಟವರಿಗೆ ಕೂಗಿ ಹುರುಪು ತುಂಬುವುದು. ಎರಡು ಮೂರು ಸಂಜೆ ಹೀಗಾದರೆ ಯಾರೂ ಕೇಳದೆಯೇ ಜಾಗ ಸಿಗುತ್ತದೆ. ಕೆಡುವುದು ಎಲ್ಲಿ ಎಂದರೆ, ಹೊಸ ಮಗು ‘ನಮ್ಮ ಹಳೇ ಏರಿಯಾದಲ್ಲಿ ಹೀಗಲ್ಲ’ ಎಂದು ನಿಯಮ ತಿದ್ದಲು ಹೊರಟಾಗ. ಮೊದಲ ತಿಂಗಳು ಆ ಬೀದಿಯ ನಿಯಮವೇ ನಿಯಮ. ಇನ್ನೊಂದು, ಮನೆಯಿಂದ ಹೊಸ ಚೆಂಡು ಕೊಟ್ಟು ಕಳಿಸಿದರೆ ಜಗಳವಾದ ದಿನ ‘ನನ್ನ ಚೆಂಡು ಕೊಡಿ’ ಎಂದು ಕಸಿದುಕೊಂಡು ಬರುತ್ತಾಳೆ, ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಕೊಡುವುದಾದರೆ ಬೀದಿಗೇ ಎಂದು ಕೊಡಿ.

ಮನೆಯಂಗಳದಲ್ಲಿ ಗುರಿ ಅಭ್ಯಾಸ ಮಾಡಿಸಿ. ಏಳು ಚಪ್ಪಟೆ ಹೆಂಚಿನ ಚೂರು, ದೊಡ್ಡದು ಕೆಳಗೆ, ಚಿಕ್ಕದು ಮೇಲೆ. ಹತ್ತು ಹನ್ನೆರಡು ಅಡಿ ದೂರದಿಂದ ಟೆನಿಸ್ ಚೆಂಡು. ಬುಡಕ್ಕೆ ಹೊಡೆದರೆ ಏಳೂ ಚೆಲ್ಲಾಪಿಲ್ಲಿ, ಹುಡುಕಿ ಜೋಡಿಸುವಷ್ಟರಲ್ಲಿ ಬೆನ್ನಿಗೆ ಚೆಂಡು ಬಿದ್ದಿರುತ್ತದೆ. ಮೇಲಿನ ಎರಡು ಮೂರನ್ನಷ್ಟೇ ಉರುಳಿಸಿದರೆ ತಿರುಗಿ ಪೇರಿಸುವುದು ಸಲೀಸು. ಇಷ್ಟು ಕೈಗೆ ಹತ್ತಿದರೆ ಗೇಟು ದಾಟುವಾಗ ಕಾಲು ಅಷ್ಟು ನಡುಗುವುದಿಲ್ಲ.

ಎಂಟು ಮಂದಿಯ ಸ್ನೇಹ ಒಟ್ಟಿಗೆ ಆಗುವುದಿಲ್ಲ. ಒಬ್ಬಳು ಸಾಕು. ಗುಂಪಿನ ನಾಯಕಿಯನ್ನಲ್ಲ, ಅಂಚಿನಲ್ಲಿ ಮೆತ್ತಗೆ ಆಡುವ ಯಾರನ್ನಾದರೂ ಭಾನುವಾರ ಮಧ್ಯಾಹ್ನ ಒಂದೂವರೆ ಗಂಟೆ ಮನೆಗೆ ಕರೆಯಿರಿ. ಇಬ್ಬರನ್ನು ಕರೆದರೆ ಆ ಇಬ್ಬರೂ ಒಂದಾಗಿ ನಿಮ್ಮ ಮಗಳೇ ಒಂಟಿಯಾದಾಳು. ಮೊಬೈಲ್ ಒಳಗಿಡಿ, ಒಬ್ಬರು ಆಡಿ ಇನ್ನೊಬ್ಬರು ಇಣುಕುವುದು ಸ್ನೇಹವಲ್ಲ. ಚೌಕಾಬಾರ ಹಾಕಿ ಕೊಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ, ನಾಲ್ಕು ಅಂಚಿನ ನಡುಮನೆಗೂ ಒಳಗಿನ ನಟ್ಟನಡುವಿನ ಮನೆಗೂ ಅಡ್ಡಗೀಟು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ. ಅವನ್ನು ಕಲ್ಲಿನ ಮೇಲೆ ಎರಡು ಹನಿ ನೀರು ಹಾಕಿ ಒಂದೇ ಮಗ್ಗುಲಿಗೆ ಬಿಳಿ ಕಾಣುವವರೆಗೆ ತೇಯಬೇಕು. ತೇಯುವಾಗ ಬೆರಳು ಬಿಸಿಯಾಗುತ್ತದೆ, ಬೀಜ ಜಾರುತ್ತದೆ, ಇಬ್ಬರೂ ನಗುತ್ತಾರೆ. ಈ ಕೆಲಸವನ್ನು ನೀವು ಮೊದಲೇ ಮಾಡಿಡಬೇಡಿ, ಅರ್ಧ ಸ್ನೇಹ ಆಗುವುದು ಅಲ್ಲಿಯೇ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ಮನೆ. ಎರಡಕ್ಕೂ ಇನ್ನೊಂದು ಸರದಿ. ಅದೃಷ್ಟದ ಪಾಲು ದೊಡ್ಡದಾದ್ದರಿಂದ ಹೊಸಬಳೂ ಗೆಲ್ಲುತ್ತಾಳೆ. ಆಟ ಇನ್ನೂ ರುಚಿಯಾಗಿರುವಾಗಲೇ ಚುರುಮುರಿ ಕೊಟ್ಟು ಮನೆಗೆ ಕಳಿಸಿ, ಮುಂದಿನ ವಾರ ತಾನಾಗಿಯೇ ಬರುತ್ತಾಳೆ.

ಮಗಳನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಜಡೆ ಹಾಕುವಾಗ, ಬಟಾಣಿ ಸುಲಿಯುವಾಗ, ಕಣ್ಣಿಗೆ ಕಣ್ಣು ಕೂಡಿಸಬೇಕಿಲ್ಲದ ಹೊತ್ತಿನಲ್ಲಿ ಮಕ್ಕಳ ಬಾಯಿ ತೆರೆಯುತ್ತದೆ. ‘ಯಾರು ಅಂದಿದ್ದು?’ ಅನ್ನುವ ಬದಲು ‘ಆಮೇಲೆ ಏನಾಯ್ತು?’ ಎನ್ನಿ.

ಎದುರುಮನೆಗೆ ಈಗಲೇ ದೂರು ಒಯ್ಯಬೇಡಿ. ಮಕ್ಕಳ ಠೂ ಎರಡು ದಿನದಲ್ಲಿ ರಾಜಿಯಾಗುತ್ತದೆ, ದೊಡ್ಡವರದು ವರ್ಷಗಟ್ಟಲೆ ಉಳಿಯುತ್ತದೆ. ಆ ತಾಯಿಯ ಪರಿಚಯ ಮಾತ್ರ ಮಾಡಿಕೊಳ್ಳಿ, ಮಕ್ಕಳ ಜಗಳದ ಮಾತು ತೆಗೆಯದೆ. ಆದರೆ ಮಾತು ಬಿಡಿಸುವುದು ವಾರಗಟ್ಟಲೆ ನಡೆದರೆ, ಜಾತಿ, ಬಣ್ಣ, ಮೈಕಟ್ಟು ಹಿಡಿದು ಆಡಿಕೊಂಡರೆ, ಹೊಡೆದರೆ, ದುಡ್ಡು ತಾ ಎಂದರೆ ಅದು ಠೂ ಅಲ್ಲ. ಆಗ ಮಗಳಿಗೆ ತಿಳಿಸಿಯೇ ಹೋಗಿ, ‘ನಿಮ್ಮ ಮಗಳು ಇಂಥವಳು’ ಎನ್ನದೆ ಯಾವ ದಿನ ಏನು ನಡೆಯಿತು ಎಂಬುದನ್ನಷ್ಟೇ ಹೇಳಿ. ನಿದ್ದೆ, ಊಟ, ಶಾಲೆ ಮೂರೂ ಕೆಡುತ್ತಾ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮನಸ್’ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಚಿತ್ರಕಲೆ ಕ್ಲಾಸಿಗೆ ಅವಳಿಗೆ ಇಷ್ಟವಿದ್ದರೆ ಖಂಡಿತ ಸೇರಿಸಿ, ವಾರಕ್ಕೆರಡು ದಿನ. ಆದರೆ ಬೀದಿ ತಪ್ಪಿಸಲೆಂದು ದಿನಾ ಐದೂವರೆಗೆ ಕ್ಲಾಸು ಹಾಕಬೇಡಿ. ಹೆದರಿದ್ದನ್ನು ತಪ್ಪಿಸಿದರೆ ಇವತ್ತಿಗೆ ನೆಮ್ಮದಿ, ನಾಳೆಗೆ ಆ ಹೆದರಿಕೆ ಒಂದು ಸುತ್ತು ದೊಡ್ಡದು. ಬದಲಿಗೆ ಮೊದಲೆರಡು ದಿನ ನಿಮ್ಮ ಜೊತೆ ಗೇಟಿನ ಬಳಿ ಹತ್ತು ನಿಮಿಷ, ಆಮೇಲೆ ಅವಳೊಬ್ಬಳೇ ಕಟ್ಟೆಯ ಮೇಲೆ ಹತ್ತು ನಿಮಿಷ, ಆಮೇಲೆ ಆಟದ ಅಂಚಿಗೆ. ಒಂದು ಮೆಟ್ಟಿಲು ಕಷ್ಟವಾದರೆ ಎರಡು ದಿನ ಅಲ್ಲೇ ನಿಲ್ಲಲಿ. ನೀವು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಹೂ ಕಟ್ಟುತ್ತಲೋ ಅಕ್ಕಿ ಆರಿಸುತ್ತಲೋ ಕೂತಿರಿ, ತೀರ್ಪು ಹೇಳಲು ಎದ್ದು ಹೋಗಬೇಡಿ.

ಮಗನನ್ನೂ ಬೀದಿಗೆ ಬಿಡಿ. ಅವನು ಖಂಡಿತ ಲೆಕ್ಕಕ್ಕಿಲ್ಲದವನೇ ಆಗುತ್ತಾನೆ, ಅದರಲ್ಲೇ ಅವನಿಗೆ ಹಿಗ್ಗು. ಚೆಂಡು ಚರಂಡಿಗೆ ಬಿದ್ದರೆ ತಾನೇ ಇಳಿಯದೆ ಅಕ್ಕನನ್ನು ಕರೆಯಬೇಕೆಂದು ಮಾತ್ರ ಹೇಳಿ ಕಳಿಸಿ.

— ಸಂಪಾದಕರು