ಇಸವಿ ಆಮೇಲೆ, ಮೊದಲು ಅಂಚು ನೋಡಿ

ಈ ಸಲದ ಪತ್ರಗಳಲ್ಲಿ ಅಮೆರಿಕದ ಹಳೇ ನಾಣ್ಯದ ಪ್ರಶ್ನೆಗಳೇ ಜಾಸ್ತಿ. ಹಾಗಾಗಿ ಈ ಸಂಚಿಕೆಯನ್ನು ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಸರ್, ನಮ್ಮ ಮುತ್ತಜ್ಜ ಹತ್ತಿ ದಲಾಲರು. ಅವರ ಟ್ರಂಕಿನಲ್ಲಿ 1804ನೇ ಇಸವಿಯ ಅಮೆರಿಕದ ಬೆಳ್ಳಿ ಡಾಲರ್ ಸಿಕ್ಕಿದೆ. ಹತ್ತಿಗೆ ಅಂತ ಬಂದಿದ್ದ ಅಮೆರಿಕದ ಸಾಹೇಬ ಕೊಟ್ಟಿದ್ದು ಅಂತ ಮನೆಯಲ್ಲಿ ಹೇಳುತ್ತಾರೆ. ಪತ್ತಾರರ ಕಾಟಾದಲ್ಲಿ ತೂಗಿದರೆ 21.4 ಗ್ರಾಂ ಬಂತು. ಅಂಚಿನ ಸುತ್ತ ಸಣ್ಣ ಸಣ್ಣ ಗೀರುಗಳಿವೆ. ಇದಕ್ಕೆ ಕೋಟಿಗಟ್ಟಲೆ ಬೆಲೆಯಂತೆ, ನಿಜಾನಾ?
ಓದುಗರು, ಗದಗ-ಬೆಟಗೇರಿ

ಉತ್ತರ: ತೂಕ ಬರೆದು ಕಳಿಸಿದ್ದಕ್ಕೆ ಮೊದಲು ನಿಮಗೊಂದು ನಮಸ್ಕಾರ ರೀ. ಉಳಿದವರೆಲ್ಲ ಒಂದು ಮಸುಕು ಫೋಟೋ ಕಳಿಸಿ ‘ಎಷ್ಟು ಸಿಗುತ್ತೆ’ ಅಂತ ಕೇಳುತ್ತಾರೆ, ಅಷ್ಟೇ. ಆದರೆ ಆ ತೂಕವೇ ನಿಮ್ಮ ನಾಣ್ಯದ ಗುಟ್ಟು ಬಿಟ್ಟುಕೊಟ್ಟಿದೆ.

ಅಮೆರಿಕದ ಮೊದಲ ಬೆಳ್ಳಿ ಡಾಲರ್ ಹೊರಬಂದದ್ದು 1794ರಲ್ಲಿ, ಫಿಲಡೆಲ್ಫಿಯಾದ ಟಂಕಸಾಲೆಯಿಂದ. ಆ ಕಾಲದ ಡಾಲರಿನ ತೂಕ 26.96 ಗ್ರಾಂ. ನೂರರಲ್ಲಿ 89 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಕೈಯಿಂದ ಕೈಗೆ ಓಡಾಡಿ ಸವೆದರೆ ಸ್ವಲ್ಪ ಕಡಿಮೆ ಬರಬಹುದು. ಆದರೆ ಐದೂವರೆ ಗ್ರಾಂ ಸವೆಯಬೇಕಾದರೆ ಅದರ ಮೇಲಿನ ಮುಖವೂ ಅಕ್ಷರವೂ ಅಳಿಸಿ ಹೋಗಿರಬೇಕಿತ್ತು. ನಿಮ್ಮ ಫೋಟೋದಲ್ಲಿ ನಾಣ್ಯದ ಮೇಲಿನ ಸ್ವಾತಂತ್ರ್ಯದೇವಿಯ ಕೂದಲಿನ ಎಳೆ ಎಳೆಯೂ ಕಾಣುತ್ತಿದೆ, ಅಲ್ವಾ?

ಇನ್ನು ಅಂಚು. 1794ರಿಂದ 1803ರವರೆಗಿನ ಡಾಲರುಗಳ ಅಂಚಿನಲ್ಲಿ ಗೀರು ಇರುವುದಿಲ್ಲ, ಅಕ್ಷರ ಇರುತ್ತದೆ: ‘ಹಂಡ್ರೆಡ್ ಸೆಂಟ್ಸ್ ಒನ್ ಡಾಲರ್ ಆರ್ ಯೂನಿಟ್’ ಅಂತ, ನಡುನಡುವೆ ಸಣ್ಣ ಚಿತ್ತಾರ. ಡಾಲರಿಗೆ ಗೀರಿನ ಅಂಚು ಬಂದದ್ದು 1840ರ ಹೊತ್ತಿಗೆ. ನಕಲು ಮಾಡುವವರು ಮುಖಕ್ಕೆ ಪಡುವ ಕಷ್ಟವನ್ನು ಅಂಚಿಗೆ ಪಡುವುದಿಲ್ಲ. ನಾವೂ ಹಾಗೆಯೇ ನೋಡಿ, ನಾಣ್ಯ ಕೈಗೆ ಬಂದ ಕೂಡಲೇ ಇಸವಿ ಹುಡುಕುತ್ತೇವೆ, ಅಂಚನ್ನು ಯಾರೂ ತಿರುಗಿಸಿ ನೋಡುವುದಿಲ್ಲ.

1804ರ ಕಥೆಯೇ ಬೇರೆ. ಆ ವರ್ಷ ಟಂಕಸಾಲೆಯಲ್ಲಿ ಡಾಲರ್ ಹೊಡೆದದ್ದು ಹೌದು, ಆದರೆ ಹಳೇ ಅಚ್ಚಿನಲ್ಲಿ, ಹಿಂದಿನ ಇಸವಿ ಹಾಕಿ. ಆಮೇಲೆ ಎಷ್ಟೋ ವರ್ಷ ಡಾಲರ್ ಹೊಡೆಯುವುದನ್ನೇ ನಿಲ್ಲಿಸಿದರು. 1834ರ ಸುಮಾರಿಗೆ ಮಸ್ಕತ್ತಿನ ಸುಲ್ತಾನನಿಗೂ ಸಯಾಮಿನ (ಈಗಿನ ಥಾಯ್ಲೆಂಡ್) ರಾಜನಿಗೂ ಉಡುಗೊರೆ ಕೊಡಲು ನಾಣ್ಯದ ಪೆಟ್ಟಿಗೆ ಬೇಕಾಯಿತು. ಆಗ 1804 ಅಂತ ಇಸವಿ ಹಾಕಿ ಕೆಲವನ್ನು ಹೊಡೆದರು. ಮುಂದೆ ಟಂಕಸಾಲೆಯ ಒಳಗಿನವರೇ ಗುಟ್ಟಾಗಿ ಇನ್ನೊಂದಿಷ್ಟು ಮಾಡಿಕೊಂಡರು. ಎಲ್ಲ ಸೇರಿಸಿದರೂ ಜಗತ್ತಿನಲ್ಲಿ ಗೊತ್ತಿರುವುದು ಇಪ್ಪತ್ತೂ ಇಲ್ಲ. ಸಂತೆಗೆ ಬಂದ ಸಾಹೇಬ ಜೇಬಿನಿಂದ ತೆಗೆದುಕೊಡುವ ನಾಣ್ಯ ಅದಲ್ಲ.

ಹಾಗಂತ ನಿಮ್ಮ ಮುತ್ತಜ್ಜನ ಮಾತು ಸುಳ್ಳು ಅಂತ ನಾನು ಹೇಳುತ್ತಿಲ್ಲ. 1840ರ ದಶಕದಲ್ಲಿ ಅಮೆರಿಕದ ಹತ್ತಿ ಬೀಜವನ್ನು ನಮ್ಮ ಎರೆ ಹೊಲಗಳಲ್ಲಿ ಬೆಳೆಸಿದರು, ‘ಧಾರವಾಡ ಅಮೆರಿಕನ್’ ಅಂತ ಆ ಹತ್ತಿಗೆ ಹೆಸರೇ ಬಿತ್ತು. ಸಾಹೇಬ ಬಂದಿರಬಹುದು, ನಾಣ್ಯವನ್ನೂ ಕೊಟ್ಟಿರಬಹುದು. ಆದರೆ ಈ ನಾಣ್ಯ ಆ ನಾಣ್ಯವಲ್ಲ.

ಇನ್ನೂ ಅನುಮಾನ ಇದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕಾಟಾದ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳ್ಳಗಿನ ದಾರ ಕಟ್ಟಿ ಪೂರ್ತಿ ಮುಳುಗಿಸಿ, ಆದರೆ ತಳಕ್ಕೂ ಬದಿಗೂ ತಾಗಿಸಬೇಡಿ, ಕೈಯಲ್ಲೇ ಹಿಡಿದಿರಿ. ಆಗ ಕಾಟಾ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. ಆ ಕಾಲದ ಡಾಲರಿನ ಬೆಳ್ಳಿಯಾದರೆ ಹತ್ತೂಕಾಲಿನ ಆಸುಪಾಸು ಬರಬೇಕು. ಎಂಟೂವರೆ, ಒಂಬತ್ತು ಬಂತೆಂದರೆ ಅದು ಬೆಳ್ಳಿ ನೀರು ಕುಡಿಸಿದ ಹಿತ್ತಾಳೆಯೋ ಇನ್ನಾವುದೋ ಲೋಹ. ಕಲ್ಲಿನ ಮೇಲೆ ಎಸೆದು ಠಣ್ ಅಂತ ಸದ್ದು ಕೇಳುವ ಹಳೇ ಪದ್ಧತಿಯನ್ನು ಮಾತ್ರ ಬಿಟ್ಟುಬಿಡಿ. ನಾಣ್ಯ ಅಸಲಿಯಾಗಿದ್ದರೆ ಸುಮ್ನೆ ಪೆಟ್ಟಾಗುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ಅಳಿಯ 1793ರ ತಾಮ್ರದ ಸೆಂಟ್ ತಂದುಕೊಟ್ಟಿದ್ದಾನೆ. ಹಿಂಬದಿಯಲ್ಲಿ ಸರಪಳಿ ಚಿತ್ರ ಇದೆ. ಸರಪಳಿಯ ಕೆಳಗೆ ಒಂದು ಕಡೆ ಮಾತ್ರ ಉಜ್ಜಿದ ಹಾಗಿದೆ. ಅಳಿಯನನ್ನು ಕೇಳಲು ಸಂಕೋಚ.
ಓದುಗರು, ಹಾವೇರಿ

ಉತ್ತರ: ಸಂಕೋಚವೇ ಒಳ್ಳೆಯದು, ಕೇಳಬೇಡಿ! ಉಜ್ಜಿದ ಆ ಜಾಗದಲ್ಲಿ ‘ಕಾಪಿ’ ಅಂತ ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರ ಇದ್ದಿರಬೇಕು. ನಾಣ್ಯದ ಪ್ರತಿಕೃತಿ ಮಾಡುವವರು ಅದರ ಮೇಲೆ ಆ ಪದ ಒತ್ತಲೇಬೇಕು ಅಂತ ಅಮೆರಿಕದಲ್ಲಿ 1973ರಿಂದ ಕಾನೂನಿದೆ. ಅಂಗಡಿಯಲ್ಲಿ ಪ್ರತಿಕೃತಿಯಾಗಿಯೇ ಮಾರಿದ್ದನ್ನು ಯಾರೋ ಆಮೇಲೆ ಉಜ್ಜಿ ಅಸಲಿ ಅಂತ ದಾಟಿಸುತ್ತಾರೆ. ಅಳಿಯ ಮೋಸ ಹೋಗಿರಬೇಕು ಪಾಪ, ಮೋಸ ಮಾಡಿದ್ದಲ್ಲ.

ಸರಪಳಿ ಸೆಂಟ್ ಮಾತ್ರ ಚಂದದ ಕಥೆ. ಹದಿನೈದು ರಾಜ್ಯಗಳ ಒಗ್ಗಟ್ಟು ತೋರಿಸಲು ಹದಿನೈದು ಕೊಂಡಿಗಳನ್ನು ಹಾಕಿದರು. ಸ್ವಾತಂತ್ರ್ಯದ ನಾಣ್ಯದ ಮೇಲೆ ಬೇಡಿಯೇ ಅಂತ ಜನ ಮೂಗು ಮುರಿದರು. ಅದೇ ವರ್ಷ ಸರಪಳಿ ಹೋಗಿ ಎಲೆಗಳ ಮಾಲೆ ಬಂತು. ಅಚ್ಚು ಕೊರೆಯುವುದೆಲ್ಲ ಆಗ ಕೈಕೆಲಸ. ಮೊದಲ ಅಚ್ಚಿನಲ್ಲಿ ‘ಅಮೆರಿಕ’ವನ್ನು ಪೂರ್ತಿ ಬರೆಯದೆ ‘ಅಮೆರಿ’ ಅಂತ ನಿಲ್ಲಿಸಿ ಚುಕ್ಕಿ ಇಟ್ಟಿದ್ದರು. ಹೀಗೆ ಒಂದು ಅಚ್ಚಿನಂತೆ ಇನ್ನೊಂದಿಲ್ಲ, ಬಲ್ಲವರು ಪ್ರತಿ ಅಚ್ಚನ್ನೂ ಗುರುತು ಹಿಡಿದು ನಂಬರ್ ಕೊಟ್ಟಿದ್ದಾರೆ. ನಿಮ್ಮ ನಾಣ್ಯದ ಅಕ್ಷರಗಳ ಅಂತರ ಅದ್ಯಾವುದಕ್ಕೂ ಹೊಂದದಿದ್ದರೆ ಮುಂದೆ ನೋಡುವುದೇ ಬೇಡ. ತೂಕವೂ ನೋಡಿ, 13.48 ಗ್ರಾಂ ಹತ್ತಿರ ಇರಬೇಕು. ಅಯಸ್ಕಾಂತ ಹಚ್ಚಿದಾಗ ಅಂಟಿದರೆ ಅದು ತಾಮ್ರವೇ ಅಲ್ಲ.

ನಾನೂ ಹೀಗೆ ಬಿದ್ದವನೇ. ಒಂದು ಸಂತೆಯಲ್ಲಿ 1835ರ ಕಂಪನಿ ರೂಪಾಯಿ ಅಂತ ಕೊಂಡು, ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಅಂಚಿನ ಸುತ್ತ ಎರಕದ ಗೆರೆ ಇತ್ತು, ಮೈತುಂಬ ಸೂಜಿಮೊನೆಯಂಥ ತೂತುಗಳು. ಅಚ್ಚಿನಲ್ಲಿ ಹೊಡೆದ ಅಸಲಿಗೆ ಇವೆರಡೂ ಇರುವುದಿಲ್ಲ. ಎರಡು ದಿನ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿದ ಅಮೆರಿಕದ ಟ್ರೇಡ್ ಡಾಲರ್ ಸಿಗುತ್ತಿದೆ. ಸರ್ಟಿಫಿಕೇಟ್ ನಂಬರ್ ಇದೆ. ನಂಬಬಹುದಾ? ನಮ್ಮ ಬಳಿ ಇರುವ ಹಳೇ ನಾಣ್ಯವನ್ನೂ ಹಾಗೆ ಅಮೆರಿಕಕ್ಕೆ ಕಳಿಸಿ ಪರೀಕ್ಷೆ ಮಾಡಿಸಬಹುದಾ?
ವಿದ್ಯಾರ್ಥಿ, ಧಾರವಾಡ

ಉತ್ತರ: ಪಿಸಿಜಿಎಸ್, ಎನ್‌ಜಿಸಿ ಅಂತ ಅಲ್ಲಿ ನಾಣ್ಯ ಪರೀಕ್ಷಿಸಿ ಡಬ್ಬಿಗೆ ಹಾಕಿಕೊಡುವ ಕಂಪನಿಗಳಿವೆ. ಆದರೆ ಈಗ ಡಬ್ಬಿಯನ್ನೂ ನಕಲು ಮಾಡುತ್ತಾರೆ, ಅದರ ಮೇಲೆ ನಿಜವಾದ ನಂಬರನ್ನೇ ಹಾಕುತ್ತಾರೆ. ಹಾಗಾಗಿ ನಂಬರ್ ಸರಿ ಬಂದರೆ ಸಾಲದು. ಕಂಪನಿಯ ತಾಣದಲ್ಲಿ ಆ ನಂಬರಿನ ಫೋಟೋ ಇದ್ದರೆ ತೆಗೆದು ಒಂದೊಂದು ಗೀರನ್ನೂ ಹೋಲಿಸಿ. ಟ್ರೇಡ್ ಡಾಲರ್ ಅಂದರೆ ಏಷ್ಯಾದ ಜೊತೆಗಿನ ವ್ಯಾಪಾರಕ್ಕೆಂದು ಹೊಡೆದ ಬೆಳ್ಳಿ ನಾಣ್ಯ. ಅದು ಶುರುವಾದದ್ದೇ 1873ರಲ್ಲಿ, ತೂಕ 27.22 ಗ್ರಾಂ. ಅದಕ್ಕೂ ಹಿಂದಿನ ಇಸವಿ ಇದ್ದರೆ ನಕ್ಕು ಮುಂದೆ ಹೋಗಿ.

ಕಳಿಸುವ ವಿಷಯದಲ್ಲಿ ಹುಷಾರು. ನೂರು ವರ್ಷ ದಾಟಿದ ನಾಣ್ಯ ನಮ್ಮ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತುವಿನ ಲೆಕ್ಕಕ್ಕೆ ಬರುತ್ತದೆ, ಅಂಥದ್ದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಪುರಾತತ್ವ ಇಲಾಖೆಯವರನ್ನು ಕೇಳದೆ ಕೊರಿಯರ್ ಅಂಗಡಿಗೆ ಹೋಗಬೇಡಿ.

ಪ್ರಶ್ನೆ: ಹಳೇ ನಾಣ್ಯಕ್ಕೆ ರಿಸರ್ವ್ ಬ್ಯಾಂಕ್ ಲಕ್ಷಗಟ್ಟಲೆ ಕೊಡುತ್ತದೆ, ಮೊದಲು ತೆರಿಗೆ ಕಟ್ಟಿ ಅಂತ ಫೋನ್ ಬಂತು. ಕಟ್ಟಲಾ?
ಗೃಹಿಣಿ, ಹುಬ್ಬಳ್ಳಿ

ಉತ್ತರ: ಒಂದು ರೂಪಾಯಿಯನ್ನೂ ಕಟ್ಟಬೇಡಿ ಅಕ್ಕಾ. ತಾನು ಅಂಥ ವ್ಯವಹಾರವನ್ನೇ ಮಾಡುವುದಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಜನರಿಗೆ ಎಚ್ಚರಿಕೆ ಕೊಟ್ಟಿದೆ. ಆಗಲೇ ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇನ್ನೊಂದು, ಪತ್ರದ ಕೊನೆಗೆ ನಾಣ್ಯವನ್ನು ಹುಣಸೇಹಣ್ಣು ಹಾಕಿ ತಿಕ್ಕಿಟ್ಟಿದ್ದೇನೆ ಅಂತ ಬರೆದಿದ್ದೀರಿ. ತಂಬಿಗೆಗೆ ಅದು ಸರಿ, ನಾಣ್ಯಕ್ಕೆ ಬೇಡ.