ಶೇ 1, ಶೇ 3, ಸೊನ್ನೆ: ಯಾರೂ ಮಾತು ಬದಲಿಸಲಿಲ್ಲ

ಪತ್ರ: 2024 ವೈಆರ್4 ಎಂಬ ಕ್ಷುದ್ರಗ್ರಹ 2032ರಲ್ಲಿ ಭೂಮಿಗೆ ಬಡಿಯುವ ಸಾಧ್ಯತೆ ಶೇ 1 ಅಂದರು, ಆಮೇಲೆ ಶೇ 3 ಅಂದರು, ಕೊನೆಗೆ ಏನೂ ಇಲ್ಲ ಅಂದರು. ಖಚಿತವಾಗಿ ಗೊತ್ತಾಗುವ ತನಕ ವಿಜ್ಞಾನಿಗಳು ಸುಮ್ಮನಿರಬಾರದಿತ್ತೇ? ಜನರನ್ನು ಯಾಕೆ ಹೆದರಿಸಬೇಕಿತ್ತು?

ಸಂಪಾದಕರ ಉತ್ತರ: ನೀವು ಹೆದರಿದ್ದರಲ್ಲಿ ತಪ್ಪಿಲ್ಲ. ಆಗ ಬಂದ ತಲೆಬರಹಗಳನ್ನು ಓದಿದ ಯಾರಿಗಾದರೂ ಹಾಗೇ ಆಗುತ್ತಿತ್ತು. ಆದರೆ ನಿಮ್ಮ ಸಿಟ್ಟು ಹೋಗಿ ತಾಗಿದ್ದು ಪ್ರಾಮಾಣಿಕವಾಗಿ ಲೆಕ್ಕ ಒಪ್ಪಿಸಿದವರಿಗೆ. ಅದನ್ನು ಒಪ್ಪಲು ನನಗೆ ಆಗುವುದಿಲ್ಲ.

ಆ ಕಲ್ಲು ನಮ್ಮ ಹತ್ತಿರದಿಂದ ಹಾದುಹೋದದ್ದು 2024ರ ಡಿಸೆಂಬರ್ 25ರಂದು. ಚಿಲಿ ದೇಶದ ಅಟ್ಲಾಸ್ ದೂರದರ್ಶಕಕ್ಕೆ ಅದು ಕಂಡದ್ದು 27ರಂದು. ಅಂದರೆ ಕಾಣುವ ಹೊತ್ತಿಗೇ ದೂರ ಹೋಗುತ್ತಿತ್ತು, ದಿನದಿನಕ್ಕೆ ಮಂಕಾಗುತ್ತಿತ್ತು. ಸೂರ್ಯನನ್ನು ಸುತ್ತಲು ಸುಮಾರು ನಾಲ್ಕು ವರ್ಷ ತೆಗೆದುಕೊಳ್ಳುವ ಕಲ್ಲಿನ ದಾರಿಯಲ್ಲಿ ಕೆಲವು ವಾರಗಳ ತುಣುಕು ಮಾತ್ರ ಕೈಯಲ್ಲಿದ್ದರೆ, ಅದಕ್ಕೆ ಹೊಂದುವ ಕಕ್ಷೆ ಒಂದಲ್ಲ, ಸಾವಿರಾರು ಇರುತ್ತವೆ. 2032ರ ಡಿಸೆಂಬರ್ 22ರಂದು ಅದು ಉದ್ದನೆಯ ಒಂದು ಪಟ್ಟಿಯ ಮೇಲೆ ಎಲ್ಲಿ ಬೇಕಾದರೂ ಇರಬಹುದಿತ್ತು, ಆ ಪಟ್ಟಿಯೊಳಗೆ ಭೂಮಿಯೂ ಇತ್ತು. ಕಲ್ಲು ಎಲ್ಲಿದೆ ಎಂಬ ಹೊಸ ಅಳತೆ ಬಂದ ಹಾಗೆಲ್ಲ ಪಟ್ಟಿಯ ತುದಿಗಳು ಕತ್ತರಿಸಿ ಹೋಗುತ್ತವೆ. ಭೂಮಿ ಇನ್ನೂ ಒಳಗೇ ಇದ್ದರೆ, ಪಟ್ಟಿ ಚಿಕ್ಕದಾದಷ್ಟೂ ಅದರ ಪಾಲು ಜಾಸ್ತಿ ಆಗುತ್ತದೆ, ಅಲ್ವಾ? ಹಾಗಾಗಿಯೇ 2025ರ ಫೆಬ್ರುವರಿ 18ಕ್ಕೆ ಶೇ 3.1ಕ್ಕೆ ಏರಿತು. ಇನ್ನಷ್ಟು ಅಳತೆ ಬಂದವು, ಭೂಮಿ ಪಟ್ಟಿಯಿಂದ ಹೊರಗೆ ಉಳಿಯಿತು, ಒಂದು ವಾರದೊಳಗೆ ಅಪಾಯ ಸೊನ್ನೆಯ ಹತ್ತಿರ ಇಳಿಯಿತು. ಏರಿದ್ದೂ ಸರಿ, ಇಳಿದದ್ದೂ ಸರಿ.

ಅಪೋಫಿಸ್ ಎಂಬ ಇನ್ನೊಂದು ಕ್ಷುದ್ರಗ್ರಹದ ವಿಷಯದಲ್ಲೂ ಹೀಗೇ ಆಯಿತು. 2004ರ ಡಿಸೆಂಬರ್‌ನಲ್ಲಿ, ಅದು 2029ರಲ್ಲಿ ಭೂಮಿಗೆ ಬಡಿಯುವ ಲೆಕ್ಕ ಶೇ 2.7ರ ತನಕ ಹೋಗಿತ್ತು. ಯಾರೋ ಪುಣ್ಯಾತ್ಮರು ಅದೇ ವರ್ಷದ ಮಾರ್ಚ್‌ನ ಹಳೆಯ ಚಿತ್ರಗಳನ್ನು ಕೆದಕಿದರು. ಅಲ್ಲಿ ಮಸುಕಾಗಿ ಅದೇ ಕಲ್ಲು! ದಾರಿಯ ತುಣುಕು ಉದ್ದವಾಯಿತು, 2029ರಲ್ಲಿ ಬಡಿಯುವ ಭಯ ಅಲ್ಲಿಗೆ ಮುಗಿಯಿತು. ಆ ವರ್ಷದ ಏಪ್ರಿಲ್ 13ರಂದು ಅದು ನಮ್ಮಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ, ಅಷ್ಟೇ.

ಅಳತೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಹರ್ಮೀಸ್ ಎಂಬ ಕ್ಷುದ್ರಗ್ರಹ ಇದೆ. 1937ರಲ್ಲಿ ಭೂಮಿಗೆ ತೀರಾ ಹತ್ತಿರ ಬಂತು, ಕೆಲವೇ ದಿನ ಕಂಡಿತು, ಕಳೆದೇಹೋಯಿತು. ಮತ್ತೆ ಸಿಕ್ಕಿದ್ದು 2003ರಲ್ಲಿ. ಅಷ್ಟು ವರ್ಷ ಅದು ಎಲ್ಲಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಇದಕ್ಕಿಂತ ಶೇ 3 ಅನ್ನುವ ಸುದ್ದಿಯೇ ನೂರು ಪಾಲು ಮೇಲು.

ಸುಮ್ಮನಿರಬೇಕಿತ್ತು ಅಂತೀರಿ. ಸುಮ್ಮನಿದ್ದಿದ್ದರೆ ಬೇರೆ ಬೇರೆ ದೇಶಗಳ ದೊಡ್ಡ ದೂರದರ್ಶಕಗಳು ಅಷ್ಟು ಬೇಗ ವೈಆರ್4 ಕಡೆಗೆ ತಿರುಗುತ್ತಿರಲಿಲ್ಲ. ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕ ಕೂಡ ಅದನ್ನು ನೋಡಿ, ಅಗಲ ಸುಮಾರು 60 ಮೀಟರ್ ಎಂದು ಹೇಳಿತು. ಅಪಾಯ ಶೇ 1 ದಾಟಿದರೆ ಎಲ್ಲರಿಗೂ ತಿಳಿಸಬೇಕು ಎಂಬ ನಿಯಮ ಇರುವುದೇ ಇದಕ್ಕೆ.

ನನ್ನ ನಿಜವಾದ ತಕರಾರು ನಮ್ಮ ಪತ್ರಿಕೆಯವರ ಮೇಲೆ, ಟಿವಿಯವರ ಮೇಲೆ. ಭಯದ ಸುದ್ದಿಗೆ ಮುಖಪುಟ, ಭಯ ಹೋದ ಸುದ್ದಿಗೆ ಮೂಲೆಯಲ್ಲಿ ನಾಲ್ಕು ಸಾಲು. ಅಡ್ಡಗೋಡೆಯ ಮೇಲೆ ದೀಪ ಇಡದೆ, ‘ಇವತ್ತಿಗೆ ಗೊತ್ತಿರುವುದು ಇಷ್ಟು, ನಾಳೆ ಇನ್ನಷ್ಟು ಅಳೆಯುತ್ತೇವೆ’ ಎಂದು ನೇರವಾಗಿ ಹೇಳುವವರನ್ನು ನಾವು ಬೈಯುತ್ತೇವೆ. ಯಾವ ಅಳತೆಯೂ ಇಲ್ಲದೆ ಪ್ರಳಯದ ದಿನ ಹೇಳುವವರನ್ನು ಕೂರಿಸಿ ಗಂಟೆಗಟ್ಟಲೆ ಕೇಳುತ್ತೇವೆ. ಶಾಲೆಯ ಪುಸ್ತಕಗಳೂ ಕಡಿಮೆಯಿಲ್ಲ. ಕಕ್ಷೆ ಎಂದರೆ ಮೊದಲೇ ಬರೆದಿಟ್ಟ ಗೆರೆ ಎನ್ನುವ ಹಾಗೆ ಚಿತ್ರ ಹಾಕುತ್ತಾರೆ, ಆ ಗೆರೆ ಎಳೆಯಲು ಯಾರು ಎಷ್ಟು ರಾತ್ರಿ ನಿದ್ದೆಗೆಟ್ಟರು ಅನ್ನುವ ಮಾತೇ ಇಲ್ಲ.

ನೀವು ಪತ್ರ ಬರೆದಿದ್ದಕ್ಕೆ ಖುಷಿಯಿದೆ, ಕೇಳುವವರೇ ಕಡಿಮೆ. 2028ರಲ್ಲಿ ವೈಆರ್4 ಮತ್ತೆ ನಮ್ಮ ಕಡೆ ಬರುತ್ತದೆ. ಆಗ ಅಳೆದವರು ಏನು ಹೇಳುತ್ತಾರೋ ಅದನ್ನು ಮೂಲೆಗೆ ತಳ್ಳದೆ ಈ ಪುಟದಲ್ಲೇ ಹಾಕುತ್ತೇನೆ.